ಪೀರಪ್ಪನ ಮೈಕ್ ಟೆಸ್ಟ್

ನಮ್ಮ ಸುದ್ದಿ ಚಾನೆಲ್ಲಿನ ಇಂಜಿನಿಯರ್ ಪೀರಪ್ಪನ ಕೆಲಸ ಅಂದ್ರ ಸೋಲಾಪುರದ ಚಿತ್ರಾನ ಆಕಾಶದಾಗಿನ ಉಪಗ್ರಹಕ್ಕ ಮುಟ್ಟಿಸೋದು. ನವಿ ಪೇಠದಾಗ ಏನರೆ ಗದ್ದಲಾತು ಅಂದ್ರ ಸಾಕು, ನಾನು ಕ್ಯಾಮೆರಾ ಹೆಗಲಿಗೆ ಏರಿಸೋದ್ರಾಗ ಅವ ಚಾನೆಲ್ಲಿನ ಗಾಡಿ ಮ್ಯಾಲೆ ಹತ್ತಿ, ಅದರ ಡಿಶ್ಶಿಗೆ ಬೀರೋಬಾ ದೇವರ ಭಂಡಾರದ ಅರಿಷಿಣ ಹಚ್ಚಿ, ಅದನ್ನ ಮ್ಯಾಲಕ್ಕ ತಿರುವಿರತಾನ. ಸಿಗ್ನಲ್ ಸಿಕ್ಕಿತಂದ್ರ ಅರಿವಿ ಅಂಗಡಿಯವರೆಲ್ಲ ಹೊರಗ ಓಡಿ ಬರುವಂಗ "ಆಲಾ ರೇ ಆಲಾ! ಬಂತ್ರಿ, ಬಂತು!" ಅಂತ ಗಾಡಿ ಮ್ಯಾಲೇ ಕುಣಿತಾನ. ಲೈವ್ ಸುರುವಾತು ಅಂದ್ರ ಮಾತ್ರ ಗಪ್ಪಚಿಪ್ಪ. "ಟಿವಿಯಾಗ ನಮ್ಮ ಮಾರಿ ಕಾಣಬಾರದು, ದನಿ ಕೇಳಬಾರದು, ಅದರಾಗ ನಮ್ಮ ಇಜ್ಜತ್ ಐತಿ" ಅಂತಾನ. ಮೈಕ್ ಟೆಸ್ಟಿಗೆ ಮಂದಿ ಒನ್ ಟೂ ಥ್ರೀ ಅಂದ್ರ, ಇವ ತನ್ನೂರು ಕರಜಗಿಯಾಗಿನ ಕುರಿ ಕರದಂಗ "ಹುರ್ರ್ ಬಾ! ಬಾ ಬಾ!" ಅಂತಾನ. ಮೊನ್ನಿ ಟೆಸ್ಟ್ ಮಾಡುವಾಗ ಲೈವಿನ ಸ್ವಿಚ್ ಆರಿಸೋದು ಮರತು ಆ ಕೂಗು ಸೀದಾ ಮಹಾರಾಷ್ಟ್ರಕ್ಕೆಲ್ಲ ಕೇಳಿಬಿಡ್ತು. ಮುಂಬೈ ಆಫೀಸಿನವರು "ನೌಕರಿ ಬೇಕೋ ಬ್ಯಾಡೋ" ಅಂತ ಬೈದು ಫೋನ್ ಇಟ್ಟರು. ಅದರ ಬೆನ್ನಿಗೇ ಊರಿಂದ ಅವನ ಅವ್ವ ಬೀರವ್ವನ ಫೋನ್ ಬಂತು: "ಯಪ್ಪಾ, ನೀ ಬಾಟ್ಲಿ ಹಾಲು ಕುಡಿಸಿ ಸಾಕಿದ ಕುರಿ ಒಳಗ ಬಂದು ಟಿವಿ ಮುಂದ ನಿಂತೈತಿ. ಎಷ್ಟು ಅಟ್ಟಿದ್ರೂ ಹೋಗವಲ್ದು. ಇನ್ನೊಮ್ಮಿ ಯಾವಾಗ ಕೂಗತಿ?"