ಹಿತ್ತಲ ಬಾಗಿಲ ತವರು

ಇಳಕಲ್ಲಿನ ಸಂಗವ್ವ ನೆಟ್ಟಗೆ ಕೂತದ್ದನ್ನು ನಾನು ನೋಡಿದ್ದು ಕಡಿಮೆ. ರೊಟ್ಟಿ ತಿನ್ನುವಾಗಲೂ ಒಂದು ಮೊಣಕಾಲು ಎತ್ತಿಕೊಂಡೇ ಕೂರುತ್ತಿದ್ದಳು. ಯಾವ ಗಳಿಗೆಯಲ್ಲಿ ಎದ್ದು ಓಡಬೇಕಾದೀತೋ ಎಂಬ ಧ್ಯಾಸ. ೧೯೭೮ರಲ್ಲಿ ನಾನು ಅಲ್ಲಿನ ಹೆಣ್ಣುಮಕ್ಕಳ ಸಾಲೆಗೆ ವರ್ಗವಾಗಿ ಬಂದಾಗ, ಅವರ ಪಡಸಾಲೆಯ ಪಕ್ಕದ ಖೋಲಿ ಬಾಡಿಗೆಗೆ ಸಿಕ್ಕಿತು. “ಭಾಳ ಶಾಂತ ಮನಿ ನೋಡ್ರಿ ಅಕ್ಕೋರ” ಎಂದು ಹೇಳಿ ಕೊಡಿಸಿದವರ ಬಾಯಿಗೆ ಮಣ್ಣು ಹಾಕ.

ಆ ಮನೆಯಲ್ಲಿ ಬೆಳಗಿನಿಂದ ಮಗ್ಗ ಬಡಿಯುತ್ತಿತ್ತು. ಅದಕ್ಕೆ ನಾನು ಒಂದೇ ವಾರದಲ್ಲಿ ಒಗ್ಗಿಕೊಂಡೆ. ಒಗ್ಗಲಾಗದೇ ಹೋದದ್ದು ಮಗ್ಗ ನಿಲ್ಲುವುದಕ್ಕೆ. ಸಂಜೆ ಮಗ್ಗ ತಟ್ಟನೆ ನಿಂತಿತೆಂದರೆ ಚಂದವ್ವ ಹೊರಟಳು ಎಂದೇ ಅರ್ಥ. ನನ್ನ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಲ್ಲುತ್ತಿತ್ತು.

ಚಂದವ್ವ ಸಂಗವ್ವನ ಅತ್ತೆ, ಗಂಡ ತೀರಿಹೋಗಿ ಬಹಳ ವರ್ಷವಾಗಿದ್ದ ಮುದುಕಿ. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ಈಕೆಗೆ ಎಪ್ಪತ್ತರವರೆಗೂ ಎಲ್ಲ ಸರಿಯಾಗಿಯೇ ಇತ್ತಂತೆ. ಆಮೇಲೆ ಮೊದಲು ನೆರೆಯವರ ಹೆಸರು ಮರೆತಳು, ಆಮೇಲೆ ಉಂಡದ್ದನ್ನು ಮರೆತಳು, ಕಡೆಗೆ ಹೆತ್ತ ಮಗನನ್ನೇ ಮರೆತಳು. ಬಾಗಲಕೋಟೆಯ ಡಾಕ್ಟರು ನೋಡಿ, ಇದಕ್ಕೆ ಔಷಧವಿಲ್ಲ, ಒಬ್ಬರು ಸದಾ ಕಣ್ಣಿಟ್ಟಿರಿ ಎಂದು ಹೇಳಿ ಕಳಿಸಿದ್ದರು. ಹೊತ್ತು ಇಳಿಯಿತೋ ಇಲ್ಲವೋ, ಮುದುಕಿ ಎರಡು ಸೀರೆಯ ಗಂಟು ಕಟ್ಟಿ ಕಂಕುಳಲ್ಲಿ ಇರುಕಿಕೊಂಡು ಹೊಸ್ತಿಲಿಗೆ ಬರುವಳು.

“ಪಂಚಮಿ ಬಂತು. ನಮ್ಮಣ್ಣ ಕರಿಯಾಕ ಬರ್ತಾನ. ನನ್ನ ಕಲಾದಗಿಗಿ ಕಳಸ್ರಿ.”

ನಾಗರಪಂಚಮಿಗೆ ಅಣ್ಣನೋ ತಮ್ಮನೋ ಬಂದು ಮದುವೆಯಾದ ಹೆಣ್ಣನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಚಂದವ್ವನಿಗೆ ಹನ್ನೆರಡು ತಿಂಗಳೂ ಪಂಚಮಿಯೇ. ಕಲಾದಗಿಯ ತವರುಮನೆ ಯಾವಾಗಲೋ ಮಂದಿಯ ಪಾಲಾಗಿತ್ತು. ಅಣ್ಣ ಶಂಕ್ರಪ್ಪ ಸತ್ತೂ ಎಷ್ಟೋ ಕಾಲವಾಗಿತ್ತು.

ಮಗ ಕಲ್ಲಪ್ಪನದು ಕುಣಿ ಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವನು ಮೇಲೆದ್ದು ಬರುವಷ್ಟರಲ್ಲಿ ತಾಯಿ ಓಣಿಯ ತಿರುವಿನಲ್ಲಿರುತ್ತಿದ್ದಳು. ಆತ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಕೂತಲ್ಲಿಂದಲೇ ಕೂಗುತ್ತಿದ್ದ: “ಯವ್ವಾ, ಶಂಕ್ರಪ್ಪ ಮಾಮಾ ಸತ್ತು ಯಾವ ಕಾಲ ಆತಬೇ! ಯಾರ ಬರ್ತಾರ ನಿನ್ನ ಕರಿಯಾಕ?”

ಆಕೆಗೆ ಅದು ಪ್ರತಿ ಸಲವೂ ಹೊಸ ಸುದ್ದಿ. ಎದೆ ಎದೆ ಬಡಿದುಕೊಂಡು ಅಳುವಳು. ಕಣ್ಣೀರು ಆರುವ ಮೊದಲೇ ಸತ್ತ ಸುದ್ದಿ ಮರೆತು ಮತ್ತೆ ಗಂಟು ಹಿಡಿದು ಹೊಸ್ತಿಲಿಗೆ ಬರುವಳು. ಕಲ್ಲಪ್ಪ ಮತ್ತೆ ಅದನ್ನೇ ಹೇಳುವನು. ಒಬ್ಬ ಅಣ್ಣನನ್ನು ಒಂದೇ ಸಂಜೆಯಲ್ಲಿ ಮೇಲಿಂದ ಮೇಲೆ ಸಾಯಿಸುವ ಇಂಥ ಸತ್ಯ ಯಾರಿಗೆ ಬೇಕಾಗಿತ್ತು? ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಡಿಗೆಯವಳ ಮಾತು ಕೇಳುವವರು ಯಾರು.

ಇದರ ನಡುವೆ ಸಂಗವ್ವನ ಕೆಲಸ ಬೇರೆ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ನೂಲು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಆ ಕೆಲಸ ಹಿಡಿದರೆ ಕಣ್ಣು ಅತ್ತಿತ್ತ ಹೊರಳಬಾರದು. ಸಂಗವ್ವ ನಾಲ್ಕು ಎಳೆ ಕೂಡಿಸಿ ಬಾಗಿಲು ನೋಡುವಳು, ಮತ್ತೆ ನಾಲ್ಕು ಎಳೆ ಕೂಡಿಸಿ ಎದ್ದು ಓಡುವಳು. ಬಂದು ನೋಡಿದರೆ ಎಳೆ ತಪ್ಪಿರುತ್ತಿತ್ತು, ಬಿಚ್ಚಿ ಮೊದಲಿಂದ ಹಾಕುವಳು.

ಅತ್ತೆ ಏನು ಈಕೆಯನ್ನು ಅಂಗೈಯಲ್ಲಿಟ್ಟು ಸಾಕಿದವಳಲ್ಲ. ಸಂಗವ್ವ ಬಾದಾಮಿಯ ಕಡೆಯ ಹುಡುಗಿ, ತಂದೆ ತಾಯಿ ಇಲ್ಲದವಳು. ಸಾಕಿದ ಚಿಕ್ಕಮ್ಮ ಮದುವೆ ಮಾಡಿಕೊಟ್ಟು ಆ ವರ್ಷವೇ ಕಣ್ಣು ಮುಚ್ಚಿದಳು. ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಾಗ ಚಂದವ್ವ, “ತವರಿಲ್ಲದಾಕಿಗಿ ಎಲ್ಲೀ ಪಂಚಮಿ? ಹೋಗಿ ಕಂಡಿಕಿ ಸುತ್ತ” ಎಂದು ನೂಲು ಸುತ್ತುವುದಕ್ಕೆ ಕೂರಿಸುತ್ತಿದ್ದಳಂತೆ. ಸಂಗವ್ವ ಇದನ್ನು ನಗುತ್ತಲೇ ಹೇಳಿದಳು. ಸಿಟ್ಟು ಬಂದದ್ದು ನನಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಇನ್ನೇನು ನಿನ್ನದೇ ರಾಜ್ಯ ಎಂದು ಓಣಿಯವರು ಚುಚ್ಚಿ ಕೊಡುತ್ತಿದ್ದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಒಂದು ಸಂಜೆ ಮುದುಕಿ ಎಲ್ಲರ ಕಣ್ಣು ತಪ್ಪಿಸಿಬಿಟ್ಟಳು. ನಾವು ಗುಡಿ, ಬಾವಿ, ಬಸ್ ಸ್ಟ್ಯಾಂಡ್ ಎಲ್ಲ ತಡಕಾಡಿದೆವು. ಆಕೆ ಹುನಗುಂದದ ರಸ್ತೆಯ ನಟ್ಟ ನಡುವೆ ನಡೆಯುತ್ತಿದ್ದಳಂತೆ. ಹಿಂದೆ ಬಂದ ಲಾರಿಯವನು ಕೂದಲೆಳೆಯಲ್ಲಿ ತಪ್ಪಿಸಿ ಬೈದು ಹೋಗಿದ್ದ. ಟಾಂಗಾ ಹೊಡೆಯುವ ಇಬ್ರಾಹಿಂಸಾಬರು ಕಂಡು, ಎಳೆದಾಡದೆ, “ಬಾ ತಂಗಿ, ಕರಿಯಾಕ ಬಂದೇನಿ” ಎಂದರಂತೆ. ಮುದುಕಿ ಗಂಟಿನ ಸಮೇತ ಹತ್ತಿ ಕೂತಿದ್ದಳು.

ಅವತ್ತು ಮುಂದಿನ ಓಣಿಯ ಉದ್ದಕ್ಕೂ ಯಾರೋ ಹಾಸು ಚಾಚಿದ್ದರು. ನೂಲು ದಾಟಿ ಟಾಂಗಾ ಬರುವಂತಿರಲಿಲ್ಲ. ಇಬ್ರಾಹಿಂಸಾಬರು ಹಿಂದಿನ ಸಂದಿಯಿಂದ ಹಿತ್ತಲ ಬಾಗಿಲಿಗೆ ತಂದು ನಿಲ್ಲಿಸಿದರು. ಚಂದವ್ವ ಇಳಿದಳು, ಬೇವಿನ ಗಿಡ ನೋಡಿದಳು, ನೀರು ತುಂಬಿಡುವ ಕಲ್ಲು ದೋಣಿ ನೋಡಿದಳು. ಮುಖದ ಗಂಟೆಲ್ಲ ಸಡಿಲಾಯಿತು.

“ಅವ್ವ ಎಲ್ಲಿ?” ಎಂದಳು.

ಓಡಿ ಬಂದು ಏದುಸಿರು ಬಿಡುತ್ತಿದ್ದ ಸಂಗವ್ವ, “ಹೊಳಿಗಿ ಹೋಗ್ಯಾಳ, ಬರ್ತಾಳ. ಕಾಲ ತೊಳಕೊಂಡು ಒಳಗ ಬಾರವಾ” ಎಂದಳು. ಮುದುಕಿ ಕಾಲು ತೊಳೆದು ಒಳಗೆ ಬಂದು ಉಂಡು ಮಲಗಿದಳು.

ಕಲ್ಲಪ್ಪ ಮಾತ್ರ ಹೆದರಿಹೋಗಿದ್ದ. “ನಾಳೆ ಗಾಲಿ ಕೆಳಗ ಸಿಕ್ಕರ ಯಾರು ಹೊಣಿ? ಹಿಂದಿನ ಖೋಲ್ಯಾಗ ಇಟ್ಟು ಕೀಲಿ ಹಾಕೂಣು” ಎಂದು ಪೇಟೆಯಿಂದ ಹಿತ್ತಾಳೆಯ ಕೀಲಿ ತಂದ. ಕಿಟಕಿಯಿಲ್ಲದ, ನೂಲಿನ ಚೀಲ ಇಡುವ ಖೋಲಿ ಅದು.

“ಪಂಚಮಿ ತನಕ ತಡೀರಿ. ನಾ ನೋಡ್ಕೋತೇನಿ. ಒಮ್ಮಿ ತಪ್ಪಿಸಿಕೊಂಡ್ರೂ ನೀವು ಕೀಲಿ ಹಾಕ್ರಿ, ನಾ ತಡಿಯೂದಿಲ್ಲ” ಎಂದಳು ಸಂಗವ್ವ.

ಮರುದಿನ ಸಂಜೆ, ಸಂಗವ್ವ ಹೇಳಿಟ್ಟಿದ್ದಂತೆ, ಇಬ್ರಾಹಿಂಸಾಬರು ಟಾಂಗಾ ತಂದು ಮುಂದಿನ ಬಾಗಿಲಿಗೆ ಬಂದು ಕರೆದರು. ಚಂದವ್ವ ಗಂಟು ಹಿಡಿದು ಎದ್ದವಳು ಹೊಸ್ತಿಲ ಬಳಿ ನಿಂತುಬಿಟ್ಟಳು.

“ಉಡಿ ತುಂಬದ ಹೆಂಗ ಹೋಗ್ಲಿ? ಓಡಿಸಿದ್ರಂತಾರ ಮಂದಿ.”

ತವರಿಗೆ ಹೋಗುವ ಸೊಸೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಕಳಿಸಬೇಕು. ಆದರೆ ಉಡಿ ತುಂಬುವುದು ಮುತ್ತೈದೆಗೆ. ಗಂಡ ಸತ್ತವಳಿಗೆ ತುಂಬಿದರೆ ತುಂಬಿದವಳ ಗಂಡನಿಗೇ ಕೇಡು ಎಂದು ಓಣಿಯ ನಂಬಿಕೆ. ಸಂಗವ್ವ ನನ್ನ ಮುಖ ನೋಡಿದಳು. ನಾನೇನೋ ಹೇಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿ ತನಗೆಂದು ಇಟ್ಟುಕೊಂಡಿದ್ದ ಗುಳೇದಗುಡ್ಡದ ಖಣ ತಂದಳು, ಅಕ್ಕಿ ತಂದಳು, ತುಂಬಿಯೇ ಬಿಟ್ಟಳು. ಚಂದವ್ವ ಬಗ್ಗಿ, “ಹೋಗಿ ಬರ್ತೇನ್ರಿ ಅತ್ತಿ” ಎಂದು ಸೊಸೆಯ ಕಾಲು ಮುಟ್ಟಲು ಬಂದಳು. ಸಂಗವ್ವ ಗಾಬರಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದಳು.

ಅಲ್ಲಿಂದ ದಿನಾ ಇದೇ. ಮುಂದಿನ ಬಾಗಿಲಲ್ಲಿ ಅತ್ತೆಮನೆಯಿಂದ ಹೊರಟು, ಊರು ಸುತ್ತಿ, ಹಿತ್ತಲ ಬಾಗಿಲಲ್ಲಿ ತವರಿಗೆ ಇಳಿಯುವುದು. ಸಂಗವ್ವ ಗೆಳತಿಯಾಗಿ ಪಕ್ಕದಲ್ಲಿ ಕೂರುತ್ತಿದ್ದಳು. ಒಮ್ಮೆ ನಾನೂ ಹೋದೆ. ಮುದುಕಿ ದಾರಿಯುದ್ದಕ್ಕೂ ಘಟಪ್ರಭೆಯ ಕತೆ ಹೇಳಿದಳು. ಅಣ್ಣ ಬೆನ್ನಿಗೆ ಒಣಗಿದ ಕುಂಬಳಕಾಯಿ ಕಟ್ಟಿ ಹೊಳೆಗೆ ನೂಕಿದ್ದು, ತಾನು ಹೆದರಿ ಅವನ ಕೈ ಕಚ್ಚಿದ್ದು, ಅವ್ವನಿಗೆ ಇಬ್ಬರೂ ಸುಳ್ಳು ಹೇಳಿದ್ದು. ಸಂಗವ್ವ ಬಿದ್ದು ಬಿದ್ದು ನಕ್ಕಳು. “ಇಷ್ಟ ವರ್ಷ ಒಂದ ಒಲಿ ಮುಂದ ಕೂತೇವಿ ಅಕ್ಕೋರ, ಹಿಂತಾ ಮಾತು ಒಂದೂ ಆಡಿದ್ದಿಲ್ಲ” ಎಂದಳು ಆಮೇಲೆ. ಹಾಗೆ ಹೇಳುವಾಗಲೂ ಆಕೆಯ ಕಣ್ಣು ಬಾಗಿಲ ಮೇಲೆಯೇ.

ಓಣಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಗಾಳಿಗೆ ಬಾಯಿ ಬಂದಂತಾಯಿತು. ಕಲ್ಲಪ್ಪ ಕೇಳಿಯೂ ಕೇಳದವನಂತೆ ಲಾಳಿ ಎಸೆಯುತ್ತಿದ್ದ. ಮುದುಕಿ ತಪ್ಪಿಸಿಕೊಂಡಿರಲಿಲ್ಲವಲ್ಲ, ಕೀಲಿಯ ಮಾತು ಎತ್ತುವಂತಿರಲಿಲ್ಲ.

ಪಂಚಮಿಗೆ ಕಲ್ಲಪ್ಪ ಹೋಗಿ ಅಕ್ಕ ಇಂದ್ರಾಬಾಯಿಯನ್ನು ಕಮತಗಿಯಿಂದ ಕರೆತಂದ. ಬಸ್ಸಿನಲ್ಲೇ ಯಾರೋ ಆಕೆಯ ಕಿವಿ ತುಂಬಿದ್ದರು. ಸಂಜೆ ಸಂಗವ್ವ ಅತ್ತೆಯ ಸೆರಗಿಗೆ ಅಕ್ಕಿ ಹಾಕುತ್ತಿದ್ದಾಗ ಇಂದ್ರಾಬಾಯಿ ಬಂದು ಕೈಯನ್ನು ಹೊಡೆದಳು. ಅಕ್ಕಿಯೆಲ್ಲ ಪಡಸಾಲೆಯ ತುಂಬ ಚೆಲ್ಲಿತು.

“ಗಂಡ ಸತ್ತಾಕಿ ಉಡಿ ತುಂಬತೀಯಲ್ಲ, ನಿನ್ನ ಕೊರಳಾಗಿನ ತಾಳಿ ನಿನಗ ಬ್ಯಾಡ ಆಗೇತೇನು? ಕಲ್ಲಪ್ಪಾ, ನಿನ್ನ ಆಯುಷ್ಯದ ಜೋಡಿ ಆಟ ಆಡಾಕತ್ತಾಳ ಈಕಿ. ಇವತ್ತ ಕೀಲಿ ಹಾಕ!”

ನನಗೆ ತಡೆಯಲಾಗಲಿಲ್ಲ. “ಗ್ವಾಡಿ ಮ್ಯಾಲ ಬಸವಣ್ಣನ ಫೋಟೋ, ಬಾಯಾಗ ಬರೇ ಶಕುನ!” ಎಂದೆ.

“ಬಾಡಿಗಿ ಇರಾಕ ಬಂದೀರೋ, ನ್ಯಾಯ ಹೇಳಾಕ ಬಂದೀರೋ?” ಎಂದಳು ಆಕೆ.

ಕಲ್ಲಪ್ಪ ಗೋಡೆಯ ಗೂಡಿನಿಂದ ಕೀಲಿ ತೆಗೆದ. ಸಂಗವ್ವ ಅಳತೊಡಗಿದಳು. ಆ ಕತ್ತಲೆ ಖೋಲಿಗೆ ಹೋದರೆ ಮುದುಕಿ ಬಾಗಿಲು ಬಡಿದೇ ಸಾಯುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು.

ಚಂದವ್ವನಿಗೆ ಇದೊಂದೂ ಕೇಳಿಸಿರಲಿಲ್ಲ. ಕೆಳಗೆ ಕೂತು ಅಕ್ಕಿ ಬಳಿಯುತ್ತಿದ್ದಳು. ಬಳಿದು, ಹರಳು ಆರಿಸಿ, ಖಣದಲ್ಲಿ ತುಂಬಿಕೊಂಡು ಎದ್ದಳು. ಅಳುತ್ತ ನಿಂತಿದ್ದ ಸಂಗವ್ವನ ಗಲ್ಲ ಹಿಡಿದು ಎತ್ತಿದಳು.

“ನೀ ಯಾರ ಮಗಳವಾ? ಹಬ್ಬದಾಗೂ ಕರಿಯಾಕ ಯಾರೂ ಬರಲಿಲ್ಲೇನು ನಿನಗ?”

“ಯಾರೂ ಇಲ್ಲರಿ ನನಗ.”

“ಇಲ್ಲಂದ್ರ? ನಮ್ಮಣ್ಣ ಬರ್ತಾನಲ್ಲ. ಇಬ್ಬರೂ ಕೂಡೇ ಹೋಗೂಣು ನಮ್ಮ ಮನಿಗಿ. ಉಡಿ ಒಡ್ಡ.”

“ಒಡ್ಡಬ್ಯಾಡ ಸಂಗವ್ವಾ!” ಇಂದ್ರಾಬಾಯಿ ಚೀರಿದಳು.

ಸಂಗವ್ವ ಯಾರ ಮುಖವನ್ನೂ ನೋಡಲಿಲ್ಲ. ಎರಡೂ ಕೈಯಲ್ಲಿ ಸೆರಗು ಒಡ್ಡಿದಳು. ಚಂದವ್ವ ಅಕ್ಕಿ ಸುರಿದಳು. ಮಣ್ಣು ಕೂಡಿದ ಅಕ್ಕಿ ಅದು.

ಕಲ್ಲಪ್ಪ ಕೀಲಿಯನ್ನು ಗೂಡಿಗೆ ಇಟ್ಟ. ಬಾಗಿಲ ತನಕ ಹೋಗಿ ಹೊರಗೆ ನೋಡಿ ತಿರುಗಿ ಬಂದ. “ಟಾಂಗಾ ಬಂದೈತಿ. ನಿಮ್ಮಣ್ಣ ಶಂಕ್ರಪ್ಪ ಕಾಯಾಕತ್ತಾನ, ಲಗೂನ ನಡೀರಿ” ಎಂದ. ಆತನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಇಂದ್ರಾಬಾಯಿ ತಮ್ಮನ ಮುಖವನ್ನೇ ನೋಡುತ್ತ ಕಂಬಕ್ಕೆ ಒರಗಿ ಕೂತಳು.

ಟಾಂಗಾ ಊರು ಸುತ್ತಿ ಬರುವ ಹೊತ್ತಿಗೆ ನಾನು ಹಿತ್ತಲಿನಲ್ಲಿ ದೀಪ ಹಿಡಿದು ನಿಂತಿದ್ದೆ. ಮೊದಲು ಇಳಿದವಳು ಚಂದವ್ವ. ದಿನಾ ಅವ್ವನನ್ನು ಕೇಳುವವಳು ಇವತ್ತು ಕೇಳಲಿಲ್ಲ. ಕಲ್ಲು ದೋಣಿಯಿಂದ ತಂಬಿಗೆ ತುಂಬಿಕೊಂಡು, ಹಿಂದೆ ಇಳಿದ ಸೊಸೆಯ ಕಾಲಿಗೆ ನೀರು ಹಾಕಿದಳು.

“ನೀ ಮೊದಲ ತೊಳಕೋರವಾ. ದೂರದಿಂದ ಬಂದಿ, ದಣದೀ” ಎಂದಳು.

ಆ ವರ್ಷದ ಪಂಚಮಿಗೆ ಸಂಗವ್ವ ತವರಿಗೆ ಬಂದಳು.