ನಂದಾಳ ಡ್ರೋನ್ ಹಾರಲಿಲ್ಲ

ವಿಜಯಪುರದ ನಂದಾಳನ್ನು ನೀವು ಕಂಡಿರಲಿಕ್ಕಿಲ್ಲ, ಕೇಳಿರುತ್ತೀರಿ. ಆಟೋದ ಮೇಲಿನ ಮೈಕಿನಲ್ಲಿ ‘ಬನ್ನಿ ಬನ್ನಿ, ಭರ್ಜರಿ ರಿಯಾಯಿತಿ’ ಎಂದು ಓಣಿ ಓಣಿ ಕೂಗುವ ದನಿ ಅವಳದೇ. ಹಗಲಿಡೀ ಕೂಗಿ ಸಾಕಾದವಳು ಮಾತು, ತಾಳ, ರಾಗ ಯಾವ ತಾಪತ್ರಯವೂ ಇಲ್ಲದ ಡ್ರೋನ್ ಸಂಗೀತಕ್ಕೆ ಮನಸೋತಳು. ಗುಂಯ್ ಎಂದು ಒಂದು ಸ್ವರ ಹಿಡಿದರೆ ಆಯಿತು, ಬಿಡುವ ಮಾತೇ ಇಲ್ಲ. ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಗೋಡೆಗೆ ಮೈಕು ಹಚ್ಚಿ ಯಂತ್ರದ ಸದ್ದು ಹಿಡಿದಳು. ಅದನ್ನು ಕಂಪ್ಯೂಟರಿನಲ್ಲಿ ಜಗ್ಗಿ ಹಿಗ್ಗಿಸಿದಳು. ಹೀಗೆ ವರ್ಷಗಟ್ಟಲೆ ದುಡಿದು ಮೊದಲ ಆಲ್ಬಮ್ ‘ತಂಪು’ ಮುಗಿಸಿದಳು. ಜಗತ್ತೇನೂ ಕಾದು ಕುಳಿತಿರಲಿಲ್ಲ.

ಬಿಡುಗಡೆ ತವರೂರು ತಿಕೋಟಾದ ಮಂಗಲ ಕಾರ್ಯಾಲಯದಲ್ಲಿ. ಬ್ಯಾನರಿನವನು ‘ಡ್ರೋನ್’ ಎಂಬುದನ್ನು ಮಾರುದ್ದ ಬರೆದು, ‘ಸಂಗೀತ’ವನ್ನು ಇರುವೆಯಷ್ಟು ಮಾಡಿದ್ದ. ಹೀಗಾಗಿ ಸಭೆ ಕಿಕ್ಕಿರಿಯಿತು. ಎಲ್ಲರೂ ದ್ರಾಕ್ಷಿ ಬೆಳೆಗಾರರು. ಮುಂದಿನ ಸಾಲಿನಲ್ಲಿದ್ದ ಸಾರವಾಡದ ಬಸಲಿಂಗಯ್ಯ ಎದ್ದು ಕೇಳಿದ:

“ಅಕ್ಕಾರ, ತಾಸಿಗೆ ಎಷ್ಟ ಎಕರೆ ಔಷಧ ಹೊಡೀತೈತ್ರಿ?”

“ಇದು ಹಾರೂದಲ್ರಿ, ಕೇಳೂದು.”

“ಕೇಳೂಣಂತ. ಮೊದಲ ಹಾರಿಸ್ರಿ.”

ಸದ್ದಿಗೆ ಅಡ್ಡಿಯೆಂದು ಫ್ಯಾನುಗಳನ್ನೂ ನಿಲ್ಲಿಸಿ, ಬಿರುಬಿಸಿಲಿನ ಮಧ್ಯಾಹ್ನ ‘ತಂಪು’ ಆರಂಭವಾಯಿತು. ಯಾರೋ ಸ್ಪೀಕರಿನ ವೈರು ಅಲುಗಾಡಿಸಿ ನೋಡಿದರು. ಊಟವಿಲ್ಲವೆಂಬ ಸುದ್ದಿ ಹಬ್ಬಿದ ಮೇಲೆ ರಸಿಕರೆಲ್ಲ ಚಪ್ಪಲಿ ಹುಡುಕಿಕೊಂಡರು. ಕೊನೆಗೆ ಉಳಿದವಳು ತಾಯಿ ಮುರಿಗೆವ್ವ.

“ಶ್ರುತಿ ಚೊಲೋ ಹಿಡದಿ ನನ್ನವ್ವಾ. ಹಾಡ ಯಾವಾಗ ಶುರು ಮಾಡ್ತಿ?”

“ಮುಗೀತು ಬೇ,” ಎಂದ ನಂದಾ ಕಾರ್ಯಾಲಯದ ಅಡಿಗೆಮನೆಗೆ ಹೋಗಿ, ಖಾಲಿ ಹಂಡೆಗಳ ನಡುವೆ ನಿಂತು ಅತ್ತಳು.

ಆಗ ಹೋಗಿದ್ದ ಬಸಲಿಂಗಯ್ಯ ತಿರುಗಿ ಬಂದು ಬಾಗಿಲಲ್ಲಿ ಇಣುಕಿದ. “ಪೆನ್‌ಡ್ರೈವಿನ್ಯಾಗ ಹಾಕಿ ಕೊಡ್ರಿ. ನಮ್ಮ ದ್ರಾಕ್ಷಿ ಪಡಕ್ಕ ಗಿಳಿ ಕಾಟ ಭಾಳ ಐತಿ. ಇದಕ್ಕ ಮನಷ್ಯಾರ ನಿಲ್ಲಲಿಲ್ಲ, ಗಿಳಿ ನಿಂತಾವೇನ್ರಿ?”

ಕಲೆಗೆ ಬೇಡಿಕೆ ಎಂದರೆ ಬೇಡಿಕೆ. ನಂದಾ ಕಣ್ಣೊರೆಸಿಕೊಂಡು ಹಾಕಿಕೊಟ್ಟಳು.

ವಾರ ಕಳೆದು ಅವನಿಂದ ಫೋನ್ ಬಂತು: “ನೀವ ಬಂದ ನೋಡ್ರಿ.” ಸಾರವಾಡಕ್ಕೆ ಹೋದಳು. ಕಂಬದ ಮೇಲೆ ಸ್ಪೀಕರು ಗುಂಯ್‌ಗುಡುತ್ತಿತ್ತು. ಅದರ ಕೆಳಗೇ ಗಿಳಿಗಳ ಹಿಂಡು ಗೊನೆಗಳಿಗೆ ಜೋತುಬಿದ್ದು, ಯಾವ ಅವಸರವೂ ಇಲ್ಲದೆ ತಿನ್ನುತ್ತಿತ್ತು.

“ಮೊದಲ ಅಂಜಿಕೋತ ತಿಂತಿದ್ದುವ್ರಿ. ಈಗ ಕುಂತ ತಿನ್ನಾಕತ್ತಾವ. ಬಂದ್ ಮಾಡ್ತೀನಿ.”

“ತಡೀರಿ, ಮುಗಿಯೂತನಕ ಇರ್ಲಿ.”

“ಏನ, ಪಡ ಮುಗಿಯೂತನಕಾ?”

ನಂದಾಳಿಗೆ ನಗು ತಡೆಯಲಾಗಲಿಲ್ಲ. ಆದರೂ ಅಲ್ಲಿಂದ ಕದಲಲಿಲ್ಲ. ತನ್ನ ಸಂಗೀತ ಬಯಲ ಗಾಳಿಯಲ್ಲಿ ಹರಡುವುದನ್ನು ಮೊದಲ ಸಲ ಕೇಳುತ್ತಿದ್ದಳು. ಬಸಲಿಂಗಯ್ಯ ತಾಳ್ಮೆಗೆಟ್ಟು ಎಣ್ಣೆಡಬ್ಬಿ ಬಡಿದ. ಶ್ರೋತೃವರ್ಗ ಭರ್ರೆಂದು ಹಾರಿಹೋಯಿತು.

ಹೊರಡುವಾಗ ಅವನು ಕೊಕ್ಕು ಬಿದ್ದ ಹಣ್ಣುಗಳನ್ನು ಚೀಲಕ್ಕೆ ತುಂಬಿ ಕೊಟ್ಟ. “ಪ್ಯಾಟ್ಯಾಗ ಇವು ನಡಿಯೂದಿಲ್ರಿ. ನಿಮ್ಮ ಬೀಗರು ತಿಂದ ಬಿಟ್ಟದ್ದು, ನೀವ ಒಯ್ರಿ.”

ಮೊದಲ ಆಲ್ಬಮ್ಮಿನ ಏಕೈಕ ಗೌರವಧನವನ್ನು ನಂದಾ ಬಬಲೇಶ್ವರದಿಂದ ಬಂದ ವಿಜಯಪುರದ ಬಸ್ಸಿನಲ್ಲಿ, ಪಕ್ಕದ ಹೆಣ್ಣುಮಗಳಿಗೂ ಒಂದು ಹಿಡಿ ಕೊಟ್ಟು, ತಿಂದು ಮುಗಿಸಿದಳು.