ಅರಳಿಮರದ ಗಂಡಿನ ಕಡೆಯವರು

ವಿಜಯಪುರದ ಹೊರಗೆ ಒಂದು ರಾಗಿ ಹೊಲವನ್ನು ಸೈಟು ಮಾಡಿ ಮಾರಿದಾಗ, ಅಲ್ಲಿ ಮೊದಲು ಮನೆ ಕಟ್ಟಿಕೊಂಡವರಲ್ಲಿ ನಾವೂ ಒಬ್ಬರು. ನಮ್ಮ ಯಜಮಾನರು ರೇಷ್ಮೆ ಕಾರ್ಖಾನೆಯಲ್ಲಿ ಗುಮಾಸ್ತರು. ಅರವತ್ತರ ದಶಕದ ಮೊದಲ ವರ್ಷಗಳವು. ಬಡಾವಣೆ ಎಂಬ ಹೆಸರು ಮಾತ್ರ ದೊಡ್ಡದು; ಇದ್ದದ್ದು ಗಡಿಕಲ್ಲುಗಳು, ನಾಲ್ಕೈದು ಹೆಂಚಿನ ಮನೆಗಳು, ಹೊಲದ ಹಳೇ ಬಾವಿ. ಕರೆಂಟು ಇರಲಿಲ್ಲ, ಹಾವುಗಳಿದ್ದವು. ಯಾರನ್ನೂ ಕಚ್ಚಲಿಲ್ಲ, ಅದು ದೇವರ ದಯೆ. ಬಾವಿ ಬೇಸಿಗೆಯಲ್ಲೂ ಬತ್ತಲಿಲ್ಲ, ಅದೂ ಅವನದೇ.

ಗುಡಿ ಕಟ್ಟುವ ಶಕ್ತಿ ನಮಗೆ ಯಾರಿಗೂ ಇರಲಿಲ್ಲ. ಹೊಲ ಮಾರಿದ ಗೌಡರು ನಮ್ಮ ಮನೆ ಪಕ್ಕದ ಮೂಲೆ ಜಾಗ ಬಿಟ್ಟುಕೊಟ್ಟರು. ಅಲ್ಲಿ ಅರಳಿ, ಬೇವಿನ ಸಸಿಗಳನ್ನು ಜೋಡಿಯಾಗಿ ನೆಟ್ಟೆವು. ಅವು ಬೆಳೆದ ಮೇಲೆ ಅರಳಿಗೂ ಬೇವಿಗೂ ಮದುವೆ ಮಾಡಿ, ಕಟ್ಟೆ ಕಟ್ಟಿ, ನಾಗರಕಲ್ಲು ಇಡುವುದು ನಮ್ಮ ಕಡೆಯ ಪದ್ಧತಿ. ಸಸಿ ನೆಟ್ಟ ದಿನ ಪುರೋಹಿತರು ನನ್ನ ಕಡೆ ತಿರುಗಿ, "ಮಕ್ಕಳಿಲ್ಲದೋರು ಅರಳಿ ಬೆಳೆಸಿ, ಗಂಡಿನ ಅಪ್ಪ ಅಮ್ಮ ಆಗಿ ಹಸೆ ಮೇಲೆ ಕೂತು ಮದುವೆ ಮಾಡಿದ್ರೆ, ಹೆತ್ತ ಮಗನ ಮದುವೆ ಮಾಡಿದ ಹಾಗೇ ತಾಯಿ. ನೀರು ನೀವೇ ಹಾಕಿ" ಎಂದರು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ನನ್ನ ಮಡಿಲು ಬರಿದಾಗಿತ್ತು. ಅಂದಿನಿಂದ ನನಗೆ ಬೇಕಾಗಿದ್ದದ್ದು ಒಂದೇ, ಆ ಹಸೆ.

ಬಾವಿಯಿಂದ ಸೇದಿ ಹೊತ್ತು ಹಾಕಿದೆ. ಮೇಕೆ ಬಾಯಿ ಹಾಕದಂತೆ ಜಾಲಿಮುಳ್ಳು ಕಟ್ಟಿದೆ. ಎದುರುಮನೆಯ ಮೇಷ್ಟ್ರ ಹೆಂಡತಿಗೆ ನಾಲ್ಕು ಗಂಡುಮಕ್ಕಳು. ನಾನು ಕೊಡ ಹೊತ್ತು ಹೊರಟರೆ ಆಕೆ ಬಾಗಿಲಿಗೆ ಬರುತ್ತಿದ್ದಳು.

"ಏನಮ್ಮಾ, ಮಗನಿಗೆ ಸ್ನಾನ ಆಯ್ತಾ?"

"ಆಯ್ತಮ್ಮ."

"ನಿನ್ನ ಮಗನೇ ವಾಸಿ ಕಣೇ. ಅಳಲ್ಲ, ಹಾಸಿಗೆ ಒದ್ದೆ ಮಾಡಲ್ಲ. ನನ್ನವು ನೋಡು, ಪ್ರಾಣ ತಿಂತವೆ!"

ಬಾವಿಕಟ್ಟೆಯ ಹೆಂಗಸರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಎಪ್ಪತ್ತರ ಹೊತ್ತಿಗೆ ಬಡಾವಣೆ ತುಂಬಿತು. ಬೀದಿಗೆ ಕರೆಂಟು ಬಂತು, ಹೆಂಚಿನ ಮನೆಗಳ ನಡುವೆ ತಾರಸಿ ಮನೆಗಳೆದ್ದವು. ಅರಳಿ ನನ್ನ ತಲೆ ಮೀರಿ ಬೆಳೆಯಿತು. ಮದುವೆ ಮಾಡೋಣ ಎಂದು ಎಲ್ಲರೂ ಒಪ್ಪಿದರು. ಗೌಡರ ಮನೆಯವರು ಬೇವಿಗೆ ಹೆಣ್ಣಿನ ಕಡೆಯವರಾದರು. ಯಜಮಾನರನ್ನು ಕಾಡಿ ಬೇಡಿ, ಹಸೆ ಮೇಲೆ ಕೂರಲೆಂದು ಒಂದು ರೇಷ್ಮೆ ಸೀರೆ ತೆಗೆಸಿಕೊಂಡೆ. ಹಸಿರು ಮೈ, ಕೆಂಪು ಅಂಚು.

ಒಂದು ಮಧ್ಯಾಹ್ನ ಹೆಂಗಸರು ನಮ್ಮ ಜಗಲಿಯಲ್ಲಿ ಸೇರಿದರು. ಮೇಷ್ಟ್ರ ಹೆಂಡತಿ ಶುರು ಮಾಡಿದಳು.

"ನೀರು ಹಾಕಿದ್ದು ನೀನೇ, ಯಾರೂ ಇಲ್ಲ ಅನ್ನಲ್ಲ. ಆದ್ರೆ ಇದು ಬಡಾವಣೆಗೆ ಮೊದಲನೇ ಶುಭಕಾರ್ಯ ಕಣಮ್ಮ. ಮಕ್ಕಳೊಂದಿಗರು ಕೂತ್ರೆ ಚೆನ್ನ. ನಾಳೆ ನಮ್ಮ ಮನೆ ಸೊಸೆಯರಿಗೆ ಹೆಚ್ಚುಕಮ್ಮಿ ಆದ್ರೆ?"

"ಪುರೋಹಿತರೇ ಹೇಳಿದ್ದಾರಲ್ಲ" ಎಂದೆ.

"ಅವರು ದಕ್ಷಿಣೆ ತಗೊಂಡು ಹೋಗ್ತಾರೆ. ಇಲ್ಲಿರೋರು ನಾವು."

ನಾನು ಅತ್ತೆಯ ಮುಖ ನೋಡಿದೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಗಂಡಿನ ಕಡೆ ನಮ್ಮನೇದೇ ಇರ್ಲಿ, ಬಿಟ್ಟುಕೊಡಲ್ಲ. ಅನುಗೊಂಡನಹಳ್ಳಿಯಿಂದ ಚಿಕ್ಕ ಮಗ, ಸೊಸೆ ಬರ್ತಾರೆ. ಅವರಿಗೆ ಎರಡು ಮಕ್ಕಳು. ಅವರೇ ಕೂರ್ಲಿ" ಎಂದರು. ಹೆಂಗಸರಿಗೆಲ್ಲ ಸಮಾಧಾನವಾಯಿತು. ರಾತ್ರಿ ಊಟಕ್ಕೆ ಬಡಿಸುತ್ತಾ ಯಜಮಾನರನ್ನು ಕೇಳಿದೆ. "ಅಮ್ಮ ಹೇಳಿದ ಮೇಲೆ ಮುಗೀತು. ಮಜ್ಜಿಗೆ ಹಾಕು" ಎಂದರು. ಅವರು ಎಂದೂ ನನ್ನ ಮೇಲೆ ಕೈ ಮಾಡಿದವರಲ್ಲ. ಅದನ್ನು ನಾನು ಮರೆತಿಲ್ಲ.

ಮದುವೆಯ ದಿನ ಬೆಳಗಿನ ಬಸ್ಸಿಗೆ ಓರಗಿತ್ತಿ ಮಕ್ಕಳೊಂದಿಗೆ ಬಂದಿಳಿದಳು. ಅತ್ತೆ ನನ್ನ ಪೆಟ್ಟಿಗೆ ತೆಗೆದು ಹಸಿರು ಸೀರೆ ಅವಳ ಕೈಗಿಟ್ಟರು. ಅವಳದನ್ನು ಉಟ್ಟುಕೊಂಡು ನೆರಿಗೆ ಹಿಡಿಯಲು ನನ್ನನ್ನೇ ಕರೆದಳು. "ಅಕ್ಕಾ, ಇದು ಒಗೆದ್ರೆ ಬಣ್ಣ ಬಿಡುತ್ತಾ?"

"ಬಿಡಲ್ಲ" ಎಂದೆ.

ಅಡುಗೆ ನಮ್ಮ ಹಿತ್ತಲಲ್ಲಿ. ಧಾರೆ ಮುಗಿಯುವವರೆಗೂ ಆಚೆ ಬರಬಾರದೆಂದು ಹೇಳಿ, ನನ್ನನ್ನು ಹೋಳಿಗೆಗೆ ಕೂರಿಸಿದರು. ಗೋಡೆಯಾಚೆಯೇ ಮಂಟಪ, ಎಲ್ಲ ಕೇಳಿಸುತ್ತಿತ್ತು. ವಾಲಗ ನಿಂತಿತು. ಪುರೋಹಿತರು, "ನೀರು ಹಾಕಿದ ತಾಯಿ ಎಲ್ಲಿ? ಅವರಲ್ವೇ ಕೂರಬೇಕಾದ್ದು?" ಎಂದರು.

ಅತ್ತೆ ಹೇಳಿದ್ದೂ ಕೇಳಿಸಿತು. "ಏನ್ಮಾಡೋದು ಸ್ವಾಮಿ, ಅವಳು ಬೆಳಗ್ಗೆ ಮುಟ್ಟಾಗ್ಬಿಟ್ಲು. ಅವಳ ಹಣೇಲಿ ಇರ್ಲಿಲ್ಲ."

ನನ್ನ ಕೈಯಲ್ಲಿ ಹೂರಣದ ಉಂಡೆ ಇತ್ತು. ಮುಟ್ಟಾದವಳು ಒಲೆಯ ಹತ್ತಿರ ಸುಳಿಯುವುದೂ ನಮ್ಮಲ್ಲಿ ಇಲ್ಲ. ನಾನು ಹೋಳಿಗೆ ತಟ್ಟುತ್ತಿರುವುದು ಬೀದಿಯ ಪ್ರತಿ ಹೆಂಗಸಿಗೂ ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ನಾನೊಮ್ಮೆ ಆಚೆ ಹೋಗಿ ನಿಂತಿದ್ದರೆ ಸಾಕಿತ್ತು. ಆದರೆ ಸುಳ್ಳು ಎಂದು ತಿಳಿದು ಮದುವೆ ನಿಂತರೂ ಅಪಶಕುನ ನನ್ನದೇ, ನಿಜ ಎಂದುಕೊಂಡು, ಮುಟ್ಟಾದವಳ ಅಡುಗೆ ಎಂದು ಜನ ಎಲೆ ಬಿಟ್ಟೆದ್ದರೂ ಪಾಪ ನನ್ನದೇ. ವಾಲಗ ಜೋರಾಯಿತು, ಧಾರೆ ಆಯಿತೆಂದು ತಿಳಿಯಿತು. ಪುರೋಹಿತರು ಮೂರನೇ ಹೋಳಿಗೆ ಹಾಕಿಸಿಕೊಂಡು, "ಹದ ಬಲು ಚೆನ್ನಾಗಿದೆ" ಎಂದರಂತೆ. ಒಂದೂ ಒಡೆಯಲಿಲ್ಲ, ಯಾರಿಗೂ ಕಡಿಮೆ ಬೀಳಲಿಲ್ಲ. ದೇವರು ಅಷ್ಟು ನಡೆಸಿಕೊಟ್ಟ.

ಕೆಲವು ತಿಂಗಳಾದ ಮೇಲೆ ಸೋಮವಾರದ ಅಮಾವಾಸ್ಯೆ ಬಂತು. ಮಕ್ಕಳು ಬೇಕೆನ್ನುವವರು ಅಂದು ಅರಳಿಗೆ ಪ್ರದಕ್ಷಿಣೆ ಹಾಕುತ್ತಾರೆ. ಮೇಷ್ಟ್ರ ಹೆಂಡತಿ ಬೆಳಗ್ಗೆಯೇ ಬಂದಳು. "ಏಳಮ್ಮ, ತಲೆ ಮೇಲೆ ನೀರು ಹುಯ್ಕೊಂಡು ಒದ್ದೆ ಬಟ್ಟೇಲಿ ಸುತ್ತು ಹಾಕು. ನಿನಗೋಸ್ಕರಾನೇ ಹೇಳ್ತಿರೋದು."

"ಹೋಗು, ಹಠ ಮಾಡ್ಬೇಡ" ಎಂದರು ಅತ್ತೆ.

"ಮಗನ ಸುತ್ತ ಸುತ್ತಿ ಮಗನ್ನ ಕೊಡು ಅಂತ ಬೇಡೋ ತಾಯಿ ಎಲ್ಲಾದ್ರೂ ಇದ್ದಾಳಾ ಅತ್ತೆ?"

"ಮಗನಂತೆ! ಮರ ಕಣೇ ಅದು."

"ಮರ ಆಗಿದ್ರೆ, ನಾನು ಕೂತ್ರೆ ಏನು ಕೆಡ್ತಿತ್ತು?"

ಸಂಜೆಯೊಳಗೆ ಆ ಮಾತು ಮನೆಮನೆ ತಿರುಗಿತು: ಬಂಜೆಗೆ ಎಷ್ಟು ಕೊಬ್ಬು, ದೇವರ ಮರಕ್ಕೇ ಸುತ್ತು ಹಾಕಲ್ಲ ಅಂದಳಂತೆ. ಅಂದಿನಿಂದ ಆ ಬೀದಿಯಲ್ಲಿ ಯಾರೂ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ.

ನಾನು ಸುತ್ತು ಹಾಕಲೂ ಇಲ್ಲ. ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಹೊರಡುವ ಶುಕ್ರವಾರದ ಸಂಜೆ ದೇವರ ಮುಂದೆ ದೀಪ ಹಚ್ಚಿ ಕೂರುತ್ತಿದ್ದೆ. ಅವನು ನನ್ನನ್ನು ಎಷ್ಟು ಮಕ್ಕಳು ಎಂದು ಕೇಳಲಿಲ್ಲ.